ತೂಕ ಸರಿ ಐತಿ, ಕಾಳಿನ್ಯಾಗ ಸತ್ವ ಎಲ್ಲೈತಿ?



ಹುನಗುಂದದ ಎರೆ ಹೊಲಗಳಲ್ಲಿ ಬಿಳಿಜೋಳದ ರಾಶಿ ನಡೆದಾಗ ಗೌಡರ ಕಣದಲ್ಲಿ ನಿಂತು ತೂರುತ್ತಿದ್ದವರು ನಮ್ಮ ಅಜ್ಜಂದಿರು, ನಮ್ಮ ಅಪ್ಪಂದಿರು. ಬುಟ್ಟಿ ಎತ್ತಿ ಸುರಿದರೆ ಗಟ್ಟಿ ಕಾಳು ಕಾಲ ಬುಡಕ್ಕೆ ಬೀಳುತ್ತಿತ್ತು. ಹೊಟ್ಟು, ಜೊಳ್ಳು ಗಾಳಿ ಹಿಡಿದು ಆಚೆ ಬೀಳುತ್ತಿತ್ತು. ಸಂಜೆ ಕೂಲಿ ಅಳೆಯುವ ಹೊತ್ತಿಗೆ ಗಟ್ಟಿ ಕಾಳಿನ ರಾಶಿಯ ಮೇಲೆ ಬಟ್ಟೆ ಮುಚ್ಚಿರುತ್ತಿತ್ತು. ನಮ್ಮ ಅವ್ವಂದಿರ ಉಡಿಗೆ ಬೀಳುತ್ತಿದ್ದದ್ದು ಕಣದ ಅಂಚಿನ ಕಾಳು. ಮಣ್ಣು, ಹರಳು, ಜೊಳ್ಳು ಕೂಡಿದ ಕಾಳು. "ಸೇರು ಸರಿ ಐತಿಲ್ಲೋ, ನೋಡ್ಕೊ" ಅನ್ನುತ್ತಿದ್ದರು ಅಳೆಯುವವರು. ಸೇರು ಸರಿಯಾಗಿಯೇ ಇರುತ್ತಿತ್ತು. ಮನೆಗೆ ಬಂದು ಮೊರಕ್ಕೆ ಹಾಕಿ ಕೇರಿದರೆ ಎಷ್ಟು ಹಾರಿ ಹೋಗುತ್ತಿತ್ತು ಅನ್ನೋದು ನಮ್ಮ ಅವ್ವಂದಿರಿಗೆ ಗೊತ್ತು, ಅಂಗಳದ ಕೋಳಿಗಳಿಗೆ ಗೊತ್ತು. ಅಳತೆ ಸರಿ ಇದ್ದೂ ಮೋಸ ಆಗಬಹುದು ಎಂಬ ಪಾಠವನ್ನು ನಾವು ಯಾವ ಕಾಲೇಜಿನಲ್ಲೂ ಕಲಿಯಲಿಲ್ಲ. ಕಣದ ಅಂಚಿನಲ್ಲಿ ಕಲಿತೆವು.

ಆ ಪಾಠವನ್ನು ಇಂದು ಮತ್ತೊಮ್ಮೆ ನೆನೆಯಬೇಕಾಗಿದೆ. ಯಾಕೆಂದರೆ ಈಗ ಹೊಸ ಜೊಳ್ಳು ಬರುತ್ತಿದೆ. ಇದು ಊದಿದರೆ ಹಾರುವುದಿಲ್ಲ, ಮೊರಕ್ಕೆ ಹಾಕಿ ಕೇರಿದರೆ ಬೇರೆಯಾಗುವುದಿಲ್ಲ. ನೋಡಲಿಕ್ಕೆ ಕಾಳು ತುಂಬಿ ದುಂಡಗಿರುತ್ತದೆ. ತಕ್ಕಡಿಯಲ್ಲಿ ಕಿಲೋಗೆ ಕಿಲೋ ತೂಗುತ್ತದೆ. ಆದರೆ ಒಳಗಿನ ಸತ್ವ ಕಡಿಮೆ. ಅಕ್ಕಿ, ಗೋಧಿಗಳ ಹೊಟ್ಟೆಯೊಳಗಿನ ಪ್ರೋಟೀನು, ಕಬ್ಬಿಣ, ಸತು ಇವು ಮೆಲ್ಲಗೆ ಸೋರುತ್ತಿವೆ. ಸೋರಿಸುತ್ತಿರುವುದು ನಾವು ಉಸಿರಾಡುವ ಗಾಳಿ. ಆ ಗಾಳಿಯನ್ನು ಕೆಡಿಸಿದವರು ಯಾರು, ಆ ಕಾಳನ್ನು ತಿನ್ನುವವರು ಯಾರು ಎಂಬುದೇ ನಮ್ಮ ಈ ಬರಹದ ಪ್ರಶ್ನೆ.

ಮೊದಲು ಗಾಳಿಯ ಲೆಕ್ಕ ನೋಡೋಣ. ಯುರೋಪಿನಲ್ಲಿ ಕಲ್ಲಿದ್ದಲ ಕಾರ್ಖಾನೆಗಳು ಹೊಗೆ ಉಗುಳಲು ಶುರು ಮಾಡುವ ಮುಂಚೆ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇದ್ದದ್ದು ಸುಮಾರು 280 ಪಾಲು. 1958ರಲ್ಲಿ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಅಳೆಯಲು ಕುಳಿತಾಗ ಅದು 315ರ ಹತ್ತಿರ ಇತ್ತು. 2024ರಲ್ಲಿ ಅದೇ ಬೆಟ್ಟದ ಮೇಲೆ ವರ್ಷದ ಸರಾಸರಿ 424 ದಾಟಿತು. ಅಂದರೆ ನಮ್ಮ ಅಜ್ಜನ ಅಜ್ಜ ಬಿತ್ತಿದ ಗಾಳಿಯಲ್ಲಿ ನಾವು ಇಂದು ಬಿತ್ತುತ್ತಿಲ್ಲ. ಹೊಲ ಅದೇ, ಬದು ಅದೇ, ಗೌಡನ ಹೆಸರೂ ಅದೇ. ಗಾಳಿ ಬೇರೆ.

"ಇಂಗಾಲ ಅಂದ್ರ ಗಿಡದ ಊಟ. ಹೆಚ್ಚಾದ್ರ ಒಳ್ಳೇದಲ್ಲೇನು?" ಅನ್ನುವ ಪಂಡಿತರಿದ್ದಾರೆ. ಅರ್ಧ ಸತ್ಯ ಹೇಳುವವನು ಪೂರ್ತಿ ಸುಳ್ಳುಗಾರನಿಗಿಂತ ಅಪಾಯ. ಹೌದು, ಇಂಗಾಲ ಹೆಚ್ಚಾದರೆ ಭತ್ತ, ಗೋಧಿ ಪೈರು ಹುಲುಸಾಗಿ ಬೆಳೆಯುತ್ತದೆ. ಇಳುವರಿಯೂ ಒಂದಿಷ್ಟು ಏರುತ್ತದೆ. ಆದರೆ ಏನು ಏರುತ್ತದೆ? ಪಿಷ್ಟ ಏರುತ್ತದೆ, ಸಕ್ಕರೆ ಏರುತ್ತದೆ. ಮೈ ಕಟ್ಟುವ ಪ್ರೋಟೀನಿಗೆ ಬೇಕಾದದ್ದು ಸಾರಜನಕ. ಅದು ಇಂಗಾಲದಿಂದ ಬರುವುದಿಲ್ಲ. ಪ್ರೋಟೀನಿನ ತೂಕದಲ್ಲಿ 100ಕ್ಕೆ ಸುಮಾರು 16 ಪಾಲು ಸಾರಜನಕ. ಪ್ರಯೋಗಾಲಯದಲ್ಲಿ ಕಾಳಿನ ಸಾರಜನಕ ಅಳೆದು 6.25ರಿಂದ ಗುಣಿಸಿ ಇಷ್ಟು ಪ್ರೋಟೀನು ಅಂತ ಬರೆಯುತ್ತಾರೆ. ಸಾರಜನಕ ಇಳಿದರೆ ಪ್ರೋಟೀನು ಇಳಿಯಿತು ಅಂತಲೇ ಅರ್ಥ.

ಸಾರಜನಕ ಯಾಕೆ ಇಳಿಯುತ್ತದೆ? ಹಳ್ಳಿಯ ಮಾಸ್ತರರು ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇವೆ. ಎಲೆಯ ಮೈಯಲ್ಲಿ ಸಣ್ಣ ಸಣ್ಣ ಬಾಯಿಗಳಿವೆ. ಪುಸ್ತಕ ಅವನ್ನು ಪತ್ರರಂಧ್ರ ಅನ್ನುತ್ತದೆ. ಗಿಡ ಆ ಬಾಯಿ ತೆರೆದು ಇಂಗಾಲ ಒಳಗೆ ತಗೊಳ್ಳುತ್ತದೆ. ತೆರೆದಾಗ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ಹಾಗೆ ಹೋಗುವ ನೀರಿನ ಸೆಳೆತಕ್ಕೆ ಮಣ್ಣಿನೊಳಗಿನ ನೀರು ಬೇರಿನ ಕಡೆ ಹರಿದು ಬರುತ್ತದೆ. ಆ ನೀರಿನ ಜೊತೆ ನೈಟ್ರೇಟ್ ರೂಪದ ಸಾರಜನಕವೂ ಬರುತ್ತದೆ. ಗಾಳಿಯಲ್ಲಿ ಇಂಗಾಲ ಹೆಚ್ಚಾದರೆ ಗಿಡ ಬಾಯಿ ಅಷ್ಟು ತೆರೆಯಬೇಕಿಲ್ಲ. ನೀರು ಕಡಿಮೆ ಸೆಳೆಯುತ್ತದೆ, ಸಾರಜನಕವೂ ಕಡಿಮೆ ಬರುತ್ತದೆ. ಇದು ಒಂದು. ಎರಡನೆಯದು, ಪಿಷ್ಟ ಹೆಚ್ಚು ಕೂಡಿದ್ದರಿಂದ ಇದ್ದ ಪ್ರೋಟೀನು ತೆಳುವಾಗುತ್ತದೆ. ಹತ್ತು ಮಂದಿಯ ಸಾರಿಗೆ ಇಪ್ಪತ್ತು ಮಂದಿಯ ನೀರು ಹೊಯ್ದ ಹಾಗೆ. ಮೂರನೆಯದು, ಇಂಗಾಲ ಹಿಡಿಯುವ ಕೆಲಸಕ್ಕೆ ಎಲೆಯಲ್ಲಿ ರುಬಿಸ್ಕೋ ಎಂಬ ಪ್ರೋಟೀನು ಇದೆ. ಇಂಗಾಲ ಸಲೀಸಾಗಿ ಸಿಕ್ಕರೆ ಗಿಡ ಅದನ್ನೇ ಕಡಿಮೆ ಮಾಡುತ್ತದೆ. ಎಲೆಯಲ್ಲಿ ಕೂಡಿಟ್ಟ ಈ ಸಾರಜನಕವೇ ಮುಂದೆ ತೆನೆಗೆ ಇಳಿಯುವಂಥದ್ದು. ಕೂಡಿಟ್ಟದ್ದೇ ಇಲ್ಲದಿದ್ದರೆ ಇಳಿಯುವುದೇನು? ಇನ್ನೊಂದು ಮಾತು: ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆರ್ನಾಲ್ಡ್ ಬ್ಲೂಮ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಂಗಾಲ ಹೆಚ್ಚಿದ ಗಾಳಿಯಲ್ಲಿ ಗೋಧಿ ಗಿಡ ಒಳಗೆ ಬಂದ ನೈಟ್ರೇಟನ್ನು ಪ್ರೋಟೀನಿಗೆ ಒಗ್ಗಿಸಿಕೊಳ್ಳಲಿಕ್ಕೇ ತಡವರಿಸುತ್ತದೆ ಎಂದು ತೋರಿಸಿದರು. ತಾಟಿನಲ್ಲಿ ಬಡಿಸಿದ್ದರೂ ಉಣ್ಣಲಾರದ ರೋಗಿಯ ಹಾಗೆ.

ಇದು ಕತೆಯಲ್ಲ. ಜಪಾನ್, ಆಸ್ಟ್ರೇಲಿಯಾ, ಅಮೆರಿಕದ ಬಯಲು ಹೊಲಗಳಲ್ಲಿ ಸುತ್ತ ಪೈಪು ಹೂಡಿ, ಈ ಶತಮಾನದ ನಡುವಿನ ನಂತರ ಬರಬಹುದಾದಷ್ಟು ಇಂಗಾಲವನ್ನು ಗಾಳಿಗೆ ಬಿಟ್ಟು ಬೆಳೆ ಬೆಳೆದರು. 546ರಿಂದ 586 ಪಾಲಿನ ಗಾಳಿ. 2014ರಲ್ಲಿ ಸ್ಯಾಮ್ಯುಯೆಲ್ ಮೈಯರ್ಸ್ ಮತ್ತು ಸಂಗಡಿಗರು ಫಲಿತಾಂಶ ಹೊರಗೆ ಹಾಕಿದರು. ಗೋಧಿಯಲ್ಲಿ ಪ್ರೋಟೀನು 100ಕ್ಕೆ 6.3, ಸತು 9.3, ಕಬ್ಬಿಣ 5.1 ಇಳಿದಿತ್ತು. ಭತ್ತದಲ್ಲಿ ಪ್ರೋಟೀನು 7.8 ಇಳಿದಿತ್ತು. 2018ರಲ್ಲಿ ಚೀನಾ ಮತ್ತು ಜಪಾನಿನಲ್ಲಿ 18 ಭತ್ತದ ತಳಿಗಳನ್ನು ಬೆಳೆದು ನೋಡಿದಾಗ ಪ್ರೋಟೀನು ಸರಾಸರಿ 10.3 ಇಳಿದದ್ದು ಕಂಡಿತು. "ಅದೆಲ್ಲ ಮುಂದಿನ ಮಾತು" ಎಂದು ಕೈ ಝಾಡಿಸುವವರಿಗೆ ಒಂದು ಹೂವಿನ ಸಾಕ್ಷಿ ಹೇಳುತ್ತೇವೆ. ಅಮೆರಿಕದ ಸ್ಮಿತ್‌ಸೋನಿಯನ್ ಸಂಗ್ರಹಾಲಯದಲ್ಲಿ ಗೋಲ್ಡನ್‌ರಾಡ್ ಎಂಬ ಹಳದಿ ಹೂವನ್ನು 1842ರಿಂದ ಒಣಗಿಸಿ ಇಟ್ಟಿದ್ದಾರೆ. ಆ ಹಳೆಯ ಪರಾಗವನ್ನೂ 2014ರ ಪರಾಗವನ್ನೂ ಅಳೆದಾಗ ಪ್ರೋಟೀನು ಮೂರರಲ್ಲಿ ಒಂದು ಪಾಲಿನಷ್ಟು ಇಳಿದಿತ್ತು. ಅದು ಜೇನುಹುಳದ ಪಡಿತರ. ಯಾವ ಸೊಸೈಟಿಯ ಮುಂದೆ ಹೋಗಿ ದೂರು ಕೊಡಬೇಕು ಆ ಹುಳ?

ಈ ಅಂಕಿಗಳನ್ನು ಹಿಡಿದುಕೊಂಡು ನಾವು ನಮ್ಮ ಕೇರಿಯ ಲೆಕ್ಕ ಹಾಕಿದೆವು. ಪಾಲಿಶ್ ಮಾಡಿದ ಅಕ್ಕಿ 100 ಗ್ರಾಮಿನಲ್ಲಿ ಪ್ರೋಟೀನು ಸುಮಾರು 8 ಗ್ರಾಂ. ಆಹಾರ ಭದ್ರತಾ ಕಾನೂನಿನ ಪಡಿ ತಲೆಗೆ ತಿಂಗಳಿಗೆ 5 ಕಿಲೋ. ಐದು ಮಂದಿಯ ಮನೆಗೆ 25 ಕಿಲೋ. ಅದರಲ್ಲಿ ಪ್ರೋಟೀನು 2 ಕಿಲೋ. 100ಕ್ಕೆ 10 ಇಳಿದರೆ ತಿಂಗಳಿಗೆ 200 ಗ್ರಾಂ ಪ್ರೋಟೀನು ಮಾಯ. ಅಷ್ಟು ಪ್ರೋಟೀನನ್ನು ತೊಗರಿ ಬೇಳೆಯಿಂದ ತುಂಬಿಕೊಳ್ಳಬೇಕೆಂದರೆ ಹೆಚ್ಚು ಕಡಿಮೆ 900 ಗ್ರಾಂ ಬೇಳೆ ಬೇಕು. ಯೋಚಿಸಿ ಗೆಳೆಯರೇ. ತಿಂಗಳಿಗೊಮ್ಮೆ ಯಾರೋ ನಮ್ಮ ಮನೆಯ ಬಾಗಿಲು ತೆಗೆದು ಒಂದು ಕಿಲೋ ಹತ್ತಿರ ತೊಗರಿ ಬೇಳೆ ಕದ್ದುಕೊಂಡು ಹೋದರೆ ನಾವು ಸುಮ್ಮನಿರುತ್ತಿದ್ದೆವೇ? ಓಣಿಗೆ ಓಣಿಯೇ ಎದ್ದು ನಿಲ್ಲುತ್ತಿತ್ತು. ಈ ಕಳ್ಳ ಕಾಳಿನೊಳಗೇ ಕುಳಿತು ಕದಿಯುತ್ತಾನೆ. ನ್ಯಾಯಬೆಲೆ ಅಂಗಡಿಯ ತಕ್ಕಡಿ ಮಾತ್ರ ಸರಿಯಾಗಿಯೇ ಇರುತ್ತದೆ!

ಹುನಗುಂದದ ಒಂದು ಚಹಾದಂಗಡಿಯಲ್ಲಿ ನಾವು ಈ ಮಾತು ಎತ್ತಿದಾಗ ನಮ್ಮ ಸಂಘಟನೆಯ ಹಿರಿಯರೊಬ್ಬರು ನಕ್ಕರು. "ತಮ್ಮಾ, ಕೇರಿಗೆ ಇನ್ನೂ ನೀರಿನ ಟಾಕಿ ಬಂದಿಲ್ಲ. ಗುಡಿಯ ಮೆಟ್ಟಿಲು ಹತ್ತಿದ್ರ ಬಹಿಷ್ಕಾರ ಹಾಕ್ತಾರ. ನೀವು ಗಾಳಿ ಮಾತು ಆಡ್ತೀರಲ್ಲ. ಇದು ಬೆಂಗಳೂರಿನ ಪರಿಸರವಾದಿಗಳ ಹೊಟ್ಟೆ ತುಂಬಿದ ಮಾತು" ಅಂದರು. ಅವರ ಮೇಲೆ ನಮಗೆ ಗೌರವ ಇದೆ. ಅವರು ಏಟು ತಿಂದದ್ದು ನಮಗೆ ಗೊತ್ತು. ಆದರೆ ಈ ಮಾತನ್ನು ಒಪ್ಪುವುದಿಲ್ಲ. ಇದು ಹೊಟ್ಟೆ ತುಂಬಿದವರ ಮಾತಲ್ಲ, ಹೊಟ್ಟೆ ತುಂಬಿದವರಿಗೆ ಬೇಕಾಗದ ಮಾತು. ಯಾಕೆಂದರೆ ಅವರ ತಾಟಿನಲ್ಲಿ ಅನ್ನದ ಪಕ್ಕ ಬೇಳೆ ಇದೆ, ಹಾಲಿದೆ, ತುಪ್ಪ ಇದೆ, ಗೋಡಂಬಿ ಇದೆ. ಅನ್ನದ ಸತ್ವ 10 ಪಾಲು ಇಳಿದರೆ ಅವರಿಗೆ ಗೊತ್ತೇ ಆಗುವುದಿಲ್ಲ. ಅನ್ನದ ಪಕ್ಕ ಬರೀ ಖಾರ ಇರುವ ತಾಟಿಗೆ ಗೊತ್ತಾಗುತ್ತದೆ. ಅದೂ ತಾಟಿಗಲ್ಲ, ಮಗುವಿನ ಮೂಳೆಗೆ, ಬಸುರಿಯ ರಕ್ತಕ್ಕೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಬಗ್ಗೆ ಏನು ಹೇಳುತ್ತದೆ? ಐದು ವರ್ಷದೊಳಗಿನ 100 ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. 65 ಮಕ್ಕಳಿಗೆ ರಕ್ತಹೀನತೆ. ಇದು ಇವತ್ತಿನ ಕಾಳು ತಿಂದು ಆದ ಸ್ಥಿತಿ. ನಾಳಿನ ಕಾಳು ಇನ್ನೂ ತೆಳುವಾದರೆ? 2018ರಲ್ಲಿ ಹಾರ್ವರ್ಡಿನ ಇಬ್ಬರು ಸಂಶೋಧಕರು ಲೆಕ್ಕ ಹಾಕಿದರು. ಗಾಳಿಯ ಇಂಗಾಲ 550 ಪಾಲಿಗೆ ಏರಿದರೆ ಜಗತ್ತಿನಲ್ಲಿ ಹೊಸದಾಗಿ 12 ಕೋಟಿ 20 ಲಕ್ಷ ಜನ ಪ್ರೋಟೀನಿನ ಕೊರತೆಗೆ ಬೀಳುತ್ತಾರೆ. ಅದರಲ್ಲಿ 3 ಕೋಟಿ 80 ಲಕ್ಷ ಜನ ಭಾರತದವರು. ಬೇರೆ ಯಾವ ದೇಶದ ಪಾಲೂ ಇಷ್ಟಿಲ್ಲ. ಆ ಮೂರೂಮುಕ್ಕಾಲು ಕೋಟಿ ಜನ ಯಾರು? ಅಗ್ರಹಾರದವರೇ? ಸಕ್ಕರೆ ಕಾರ್ಖಾನೆಯ ಡೈರೆಕ್ಟರರೇ? ಜಾತಿಯ ಹೆಸರು ಆ ವರದಿಯಲ್ಲಿ ಇಲ್ಲ. ನಮಗೆ ಓದಿ ಹೇಳಬೇಕಾಗಿಯೂ ಇಲ್ಲ.

ಹೊಗೆ ಬಿಟ್ಟವರು ಯಾರು ಎಂಬುದನ್ನೂ ಕೇಳೋಣ. ಅಮೆರಿಕದ ಒಬ್ಬ ಮನುಷ್ಯ ವರ್ಷಕ್ಕೆ ಸರಾಸರಿ 14 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಆಕಾಶಕ್ಕೆ ತೂರುತ್ತಾನೆ. ಭಾರತದ ಸರಾಸರಿ 2 ಟನ್ ಹತ್ತಿರ. ಈ 2 ಟನ್ನು ಸುಳ್ಳು ಸರಾಸರಿ. ಇದರಲ್ಲಿ ವಿಮಾನ ಹತ್ತುವವನೂ ಇದ್ದಾನೆ, ಬಾದಾಮಿಯ ಗುಡ್ಡದಲ್ಲಿ ಪುಳ್ಳೆ ಆರಿಸುವ ಮುದುಕಿಯೂ ಇದ್ದಾಳೆ. ಆಲಮಟ್ಟಿ ಹಿನ್ನೀರಿನ ಆಚೆಗೆ, ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2400 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರ ನಿಂತಿದೆ. ಅದನ್ನು ವಿರೋಧಿಸಿದ ರೈತರ ಮೇಲೆ 2014ರ ಜುಲೈಯಲ್ಲಿ ಪೊಲೀಸರ ಗುಂಡು ಹಾರಿತು. ಅಲ್ಲಿಯ ಕರೆಂಟು ದಕ್ಷಿಣದ ರಾಜ್ಯಗಳಿಗೆಲ್ಲ ಹಂಚಿಕೆಯಾಗುತ್ತದೆ. ನೀರು ಕೃಷ್ಣೆಯದು, ಬೂದಿ ಸುತ್ತಲಿನ ಹಳ್ಳಿಯದು, ಬೆಳಕು ಪಟ್ಟಣದ್ದು. ಈಗ ಜೊಳ್ಳು ಕಾಳು ನಮ್ಮದು!

ಇಲ್ಲಿ ನಮ್ಮ ನೆಲದ ಕಾಳಿನ ಮಾತು ಬರುತ್ತದೆ. ಎಲ್ಲ ಬೆಳೆಯೂ ಈ ಗಾಳಿಗೆ ಸೋಲುವುದಿಲ್ಲ. ಜೋಳ, ಸಜ್ಜೆ, ನವಣೆ, ರಾಗಿ, ಗೋವಿನಜೋಳ, ಕಬ್ಬು ಇವು ಬೇರೆ ಕುಲ. ಕಾದ ನೆಲದಲ್ಲಿ, ನೀರಿಲ್ಲದ ನೆಲದಲ್ಲಿ ಬದುಕುವುದನ್ನು ಕಲಿತ ಈ ಗಿಡಗಳು ಇಂಗಾಲವನ್ನು ಎಲೆಯ ಒಳಮನೆಯಲ್ಲಿ ತಾವೇ ಕೂಡಿಹಾಕಿಕೊಳ್ಳುತ್ತವೆ. ಇವನ್ನು ವಿಜ್ಞಾನದಲ್ಲಿ ಸಿ-4 ಗಿಡಗಳು ಅನ್ನುತ್ತಾರೆ. ಭತ್ತ, ಗೋಧಿ ಸಿ-3. ಹೊರಗೆ ಇಂಗಾಲ ಹೆಚ್ಚಾದರೆ ಸಿ-4 ಗಿಡಕ್ಕೆ ಅಂಥ ಫರಕು ಬೀಳುವುದಿಲ್ಲ. ಅದೇ 2014ರ ವರದಿಯಲ್ಲಿ ಜೋಳದ ಸತ್ವಕ್ಕೆ ಭತ್ತ, ಗೋಧಿಗೆ ಬಿದ್ದಷ್ಟು ಪೆಟ್ಟು ಬಿದ್ದಿಲ್ಲ. ಬೇಳೆಕಾಳಿನ ಪ್ರೋಟೀನಿಗೂ ಅಷ್ಟು ಪೆಟ್ಟಿಲ್ಲ. ಕಡಲೆ, ತೊಗರಿಯ ಬೇರಿನ ಗಂಟಿನಲ್ಲಿ ಸಾರಜನಕ ಹಿಡಿದು ಕೊಡುವ ಸೂಕ್ಷ್ಮಜೀವಿಗಳು ಮನೆ ಮಾಡಿಕೊಂಡಿವೆ. ಆಕಾಶದ ಇಂಗಾಲ ಹೆಚ್ಚಾದರೆ ಗಿಡ ಅವಕ್ಕೆ ಹೆಚ್ಚು ಸಕ್ಕರೆ ಉಣಿಸಿ ಹೆಚ್ಚು ಸಾರಜನಕ ಪಡೆಯುತ್ತದೆ. ಜೋಳದ ಸಾಲಿನ ನಡುವೆ ತೊಗರಿಯ ಅಕ್ಕಡಿ ಹಾಕಿದ ನಮ್ಮ ಹಿರಿಯರು ಸಿ-3, ಸಿ-4 ಓದಿದವರಲ್ಲ. ಹೊಲ ಓದಿದವರು.

ಆ ಜೋಳ ಈಗ ಎಲ್ಲಿದೆ? 1970ರ ಸುಮಾರಿಗೆ ಈ ದೇಶದಲ್ಲಿ ಸುಮಾರು 1 ಕೋಟಿ 70 ಲಕ್ಷ ಹೆಕ್ಟೇರಿನಲ್ಲಿ ಜೋಳ ಇತ್ತು. ಇಂದು ಅದರ ನಾಲ್ಕರಲ್ಲಿ ಒಂದು ಪಾಲೂ ಇಲ್ಲ. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೇ ಬಾಗಲಕೋಟೆಯ ಓಣಿಗಳ ಜೊತೆ ಹೊಳೆಸಾಲಿನ ಎರೆ ಹೊಲಗಳೂ ಮುಳುಗಿದವು. ಆ ಹೊಲದಲ್ಲಿ ಸಿಗುತ್ತಿದ್ದ ಕಾಳಿನ ಕೂಲಿ ಮುಳುಗಿದ್ದಕ್ಕೆ ಯಾವ ಕಚೇರಿಯಲ್ಲಿ ಲೆಕ್ಕ ಬರೆದರು? ನೀರು ಬಂದ ಕಡೆ ಕಬ್ಬು ಎದ್ದಿತು, ಗೋವಿನಜೋಳ ಎದ್ದಿತು. ಅವೂ ಸಿ-4 ಗಿಡಗಳೇ. ಆದರೆ ಕಬ್ಬು ಕಾರ್ಖಾನೆಗೆ ಹೋಯಿತು, ಗೋವಿನಜೋಳ ಕೋಳಿ ಫಾರ್ಮಿಗೆ ಹೋಯಿತು. ನಮ್ಮ ತಾಟಿಗೆ ದೂರದ ಗೋದಾಮಿನಿಂದ ಅಕ್ಕಿ ಬಂತು. ಇಳಕಲ್ಲಿಗೆ ಹೋಗಿ ನೋಡಿ. ಅಲ್ಲಿಯ ಸೀರೆಯ ಸೆರಗಿನಲ್ಲಿ ನೇಕಾರರು ಇಂದಿಗೂ ಟೋಪ ತೆನಿ ನೇಯುತ್ತಾರೆ. ತೆನಿ ಅಂದರೆ ಜೋಳದ ತೆನೆ. ಸೆರಗಿನಲ್ಲಿ ಜೋಳ ಉಳಿದಿದೆ. ಮಗ್ಗದ ಗುಂಡಿಯಲ್ಲಿ ಕುಳಿತವನ ತಾಟಿನಿಂದ ಜಾರುತ್ತಿದೆ.

ಇಲ್ಲಿ ನಾವು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮಗೆ ಅನ್ನ ಅಂದರೆ ಹಬ್ಬ. ನಮ್ಮ ಅವ್ವಂದಿರು ಸಣ್ಣವರಿದ್ದಾಗ ಯುಗಾದಿಗೊಮ್ಮೆ, ಅಮವಾಸ್ಯೆಗೊಮ್ಮೆ ಕಂಡ ಬಿಳಿ ಅನ್ನ. 2013ರ ಜುಲೈಯಲ್ಲಿ ಅನ್ನಭಾಗ್ಯ ಬಂದಾಗ ನಮ್ಮ ಕೇರಿ ಕುಣಿಯಿತು, ಕುಣಿಯಬೇಕಾದದ್ದೇ. ಆ ಅಕ್ಕಿ ಬಂದ ಮೇಲೆ ಗೌಡರ ಮನೆಯ ಮುಂದೆ ಕಾಳಿಗಾಗಿ ಕೈ ಒಡ್ಡುವುದು ತಪ್ಪಿತು. "ಪುಕ್ಕಟೆ ಅಕ್ಕಿ ತಿಂದು ಆಳುಗಳು ಕೆಲಸಕ್ಕೆ ಬರ್ತಿಲ್ಲ" ಎಂದು ಕೂಗಿದವರು ಯಾರು, ಯಾಕೆ ಕೂಗಿದರು ಎಂಬುದು ನಮಗೆ ಗೊತ್ತು. ಆ ಕೂಗಿಗೆ ನಾವು ದನಿ ಕೂಡಿಸುವುದಿಲ್ಲ. ಅಕ್ಕಿ ಕಿತ್ತುಕೊಳ್ಳುವ ಕೈಯನ್ನು ಮೊದಲು ತಡೆಯುವವರೂ ನಾವೇ. ಆದರೆ ನಾವು ಅನ್ನ ಉಂಡು ರೊಟ್ಟಿಗೆ ನಾಚಿದೆವು. ಬೆಂಗಳೂರಿನ ಹಾಸ್ಟೆಲ್ಲಿಗೆ ಹೋದಾಗ ಅವ್ವ ಕಟ್ಟಿಕೊಟ್ಟ ಒಣರೊಟ್ಟಿ ಗಂಟನ್ನು ಮಂಚದ ಕೆಳಗೆ ಬಚ್ಚಿಟ್ಟವರು ನಾವೇ. ಬಡತನದ ವಾಸನೆ ಅದರಲ್ಲಿದೆ ಅಂತ ಅಂದುಕೊಂಡೆವು. 100 ಗ್ರಾಂ ಜೋಳದಲ್ಲಿ ಪ್ರೋಟೀನು 10 ಗ್ರಾಂ ಹತ್ತಿರ, ಕಬ್ಬಿಣ 4 ಮಿಲಿಗ್ರಾಂ ಹತ್ತಿರ. ಪಾಲಿಶ್ ಅಕ್ಕಿಯಲ್ಲಿ ಕಬ್ಬಿಣ 1 ಮಿಲಿಗ್ರಾಮೂ ಇಲ್ಲ. ಮಂಚದ ಕೆಳಗೆ ಬಚ್ಚಿಟ್ಟದ್ದು ಏನನ್ನು ಎಂಬುದು ಆಗ ಗೊತ್ತಿರಲಿಲ್ಲ.

ನಾವು ನಾಚಿ ಬಿಟ್ಟದ್ದನ್ನು ಅವರು ಎತ್ತಿಕೊಂಡರು. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಎಂದು ಕರೆಯಿತು. ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ನಮ್ಮ ಜೋಳ, ಸಜ್ಜೆಗೆ 'ಶ್ರೀ ಅನ್ನ' ಎಂಬ ನಾಮಕರಣವಾಯಿತು. ಕೇರಿಯ ಕಾಳಿಗೆ ಜನಿವಾರ ಬಿತ್ತು! ಈಗ ಅದು ಪಟ್ಟಣದ ಮಾಲುಗಳಲ್ಲಿ ಬಣ್ಣದ ಪಾಕೀಟಿನಲ್ಲಿ ಕುಳಿತಿದೆ, ಸಕ್ಕರೆ ಕಾಯಿಲೆಯವರ ಬಿಸ್ಕತ್ತಾಗಿದೆ. ನಾವು ತಿಂದಾಗ ಒರಟು ಧಾನ್ಯ, ಅವರು ತಿಂದಾಗ ಶ್ರೀ ಅನ್ನ. ಆದರೆ ನಮ್ಮ ನ್ಯಾಯಬೆಲೆ ಅಂಗಡಿಗೆ ಜೋಳ ಆಗೀಗ ಬರುತ್ತದೆ, ಅಕ್ಕಿಯ ಹಾಗೆ ತಿಂಗಳು ತಪ್ಪದೆ ಬರುವುದಿಲ್ಲ. ಅಕ್ಕಿಗೆ ಕಬ್ಬಿಣ, ಫೋಲಿಕ್ ಆಸಿಡ್, ಬಿ-12 ಬೆರೆಸಿದ ಕಾಳು ಕೂಡಿಸಿ ಸಾರವರ್ಧಿತ ಅಕ್ಕಿ ಎಂದು ಹಂಚಿದರು. ನಮ್ಮ ಓಣಿಯ ಹೆಣ್ಣುಮಕ್ಕಳು "ಪ್ಲಾಸ್ಟಿಕ್ ಅಕ್ಕಿ ಬಂದೈತಿ" ಎಂದು ಆರಿಸಿ ಚೆಲ್ಲಿದರು. ಅದು ಪ್ಲಾಸ್ಟಿಕ್ ಅಲ್ಲ, ಚೆಲ್ಲಬೇಡಿ ಅಂತ ನಾವು ಹೇಳಿದೆವು. ಆದರೆ ಕೇಳಿ, ಅದರಲ್ಲೂ ಪ್ರೋಟೀನು ಕೂಡಿಸಿಲ್ಲ.

ಜೋಳವನ್ನು ನಾವು ದೇವರು ಮಾಡಲು ಹೊರಟಿಲ್ಲ. ದೇವರುಗಳ ಕಾಟ ಈಗಾಗಲೇ ಸಾಕಷ್ಟಿದೆ. ಬರೀ ಜೋಳ ತಿಂದ ದಖ್ಖನಿನ ಬಡವರಿಗೆ ಚರ್ಮ ಸುಲಿದು ಬರುವ ಪೆಲಾಗ್ರ ರೋಗ ಬಂದದ್ದನ್ನು ಹೈದರಾಬಾದಿನ ಪೋಷಣಾ ಸಂಸ್ಥೆಯ ಡಾ. ಸಿ. ಗೋಪಾಲನ್ ಮತ್ತು ಸಂಗಡಿಗರು 1960ರಲ್ಲೇ ತೋರಿಸಿದ್ದಾರೆ. ರೊಟ್ಟಿಯ ಜೊತೆ ಬೇಳೆ ಬೇಕು, ಸೊಪ್ಪು ಬೇಕು, ಮೊಟ್ಟೆ ಬೇಕು, ಮಾಂಸ ಬೇಕು. ಬಿಸಿಲು ವಿಪರೀತ ಏರಿದರೆ, ಹಿಂಗಾರಿ ಹಸಿ ಆರಿದರೆ ಜೋಳವೂ ತೆನೆ ಕಟ್ಟುವುದಿಲ್ಲ. ಇನ್ನೊಂದು ಮಾತನ್ನು ನಮ್ಮ ಅಕ್ಕತಂಗಿಯರು ನಮ್ಮ ಮುಖಕ್ಕೇ ಹೇಳಿದರು: "ದಿನವೆಲ್ಲ ಕಳೆ ಕಿತ್ತು ಬಂದಾಕಿಗೆ ಅನ್ನ ಅಂದ್ರ ಒಂದು ಕುದಿ. ರೊಟ್ಟಿ ಅಂದ್ರ ಹಿಟ್ಟು, ಒಲಿ, ಹೊಗಿ, ಎರಡು ತಾಸು. ರೊಟ್ಟಿ ತಿನ್ರಿ ಅನ್ನಾವ್ರು ಮೊದಲು ರೊಟ್ಟಿ ಬಡೀರಿ." ಈ ಮಾತಿಗೆ ನಮ್ಮಲ್ಲಿ ಉತ್ತರ ಇರಲಿಲ್ಲ. ಗಂಡಸರು ರೊಟ್ಟಿ ಬಡಿಯಲು ಕಲಿಯದ ಹೊರತು ಜೋಳದ ಚಳವಳಿ ಅನ್ನೋದು ಹೆಂಗಸಿನ ಬೆನ್ನಿನ ಮೇಲೆ ಇನ್ನೊಂದು ಮೂಟೆ ಅಷ್ಟೆ.

ಬೇಳೆ, ಮೊಟ್ಟೆ, ಮಾಂಸ ಬೇಕು ಅಂದೆವು. ಅದಕ್ಕೂ ಅಡ್ಡ ನಿಂತವರಿದ್ದಾರೆ. 2021ರ ಡಿಸೆಂಬರಿನಲ್ಲಿ ಉತ್ತರ ಕರ್ನಾಟಕದ ಏಳು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಎದ್ದು ಕುಳಿತರು. ಮಕ್ಕಳ ತಾಟಿನ ಮೊಟ್ಟೆಯಿಂದ ಅವರ ಧರ್ಮಕ್ಕೆ ಮೈಲಿಗೆಯಾಯಿತು! 2021ರಲ್ಲೇ ಜಾರಿಗೆ ಬಂದ ಗೋಹತ್ಯೆ ನಿಷೇಧದ ಕಾನೂನು ನಮ್ಮ ಕೇರಿಯ ಅಗ್ಗದ ಪ್ರೋಟೀನನ್ನು ಅಪರಾಧ ಮಾಡಿತು. ಕಾಳಿನ ಪ್ರೋಟೀನನ್ನು ಗಾಳಿ ತಿನ್ನುತ್ತದೆ, ಮಾಂಸದ ಪ್ರೋಟೀನನ್ನು ಕಾನೂನು ತಿನ್ನುತ್ತದೆ, ಮೊಟ್ಟೆಯ ಪ್ರೋಟೀನನ್ನು ಮಠ ತಿನ್ನಲು ನೋಡುತ್ತದೆ. ನಮಗೆ ಉಳಿಯುವುದು ಪಿಷ್ಟ. ಪಿಷ್ಟ ತಿಂದವನು ಭಾರ ಹೊರುತ್ತಾನೆ, ತಲೆ ಎತ್ತಿ ಬೆಳೆಯುವುದಿಲ್ಲ. ಅವರಿಗೆ ಬೇಕಾದದ್ದೂ ಅಷ್ಟೆ!

"ಸಾರಜನಕ ಕಡಿಮೆ ಆದ್ರ ಯೂರಿಯಾ ಹಾಕ್ರಿ" ಅನ್ನುತ್ತಾನೆ ಗೊಬ್ಬರದ ವ್ಯಾಪಾರಿ. ಯೂರಿಯಾದಲ್ಲಿ 100ಕ್ಕೆ 46 ಪಾಲು ಸಾರಜನಕ ಇದೆ, ನಿಜ. ಆದರೆ ಹಾಕಿದ್ದರಲ್ಲಿ ಅರ್ಧದಷ್ಟೂ ಪೈರಿಗೆ ಹತ್ತುವುದಿಲ್ಲ. ಉಳಿದದ್ದು ಬಾವಿಯ ನೀರಿಗೆ ನೈಟ್ರೇಟ್ ಆಗಿ ಇಳಿಯುತ್ತದೆ, ಆಕಾಶಕ್ಕೆ ನೈಟ್ರಸ್ ಆಕ್ಸೈಡ್ ಆಗಿ ಏರುತ್ತದೆ. ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಕಾಯಿಸುವ ಅನಿಲ. ಬೆಂಕಿ ಆರಿಸಲು ಎಣ್ಣೆ ಹೊಯ್ದ ಹಾಗೆ. ಅಷ್ಟಕ್ಕೂ ಯೂರಿಯಾ ಹಾಕಲಿಕ್ಕೆ ಹೊಲ ಬೇಕಲ್ಲ? 1974ರಲ್ಲಿ ಭೂಸುಧಾರಣೆ ಬಂತು, ಉಳುವವನೇ ಒಡೆಯ ಅಂದರು. ಗೇಣಿ ಚೀಟಿ ಇದ್ದವನಿಗೆ ಹೊಲ ಬಂತು. ಚೀಟಿಯೂ ಇಲ್ಲದೆ ಬರೀ ಕೂಲಿ ಮಾಡಿದ ನಮಗೆ ಬಂದದ್ದು ಘೋಷಣೆ. ನಮ್ಮ ಸ್ವಂತದ ಎರಡು ಎಕರೆ ಮಸಾರಿ ಇದ್ದಿದ್ದರೆ ಸಜ್ಜೆ, ತೊಗರಿ, ಮಡಿಕೆ ಏನು ಬೇಕೋ ಬಿತ್ತಿಕೊಳ್ಳುತ್ತಿದ್ದೆವು. ಯಾರ ತಕ್ಕಡಿಯನ್ನೂ ನೋಡುತ್ತಿರಲಿಲ್ಲ.

ಹಾಗಾದರೆ ನಾವು ಕೇಳುವುದೇನು? ಕೇಳಿ, ಸ್ಪಷ್ಟವಾಗಿ ಹೇಳುತ್ತೇವೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನ ಪ್ರತಿ ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿಯ ಜೊತೆಗೆ, ಅಕ್ಕಿಯನ್ನು ಕಿತ್ತುಕೊಳ್ಳದೆ, ಜೋಳ, ಸಜ್ಜೆ, ತೊಗರಿ ತಿಂಗಳು ತಪ್ಪದೆ ಬರಲಿ. ಅದನ್ನು ಇಲ್ಲಿಯ ಒಣ ಹೊಲದವನಿಂದಲೇ ಬೆಂಬಲ ಬೆಲೆಗೆ ಖರೀದಿಸಲಿ. ಶಾಲೆಯ ಮೊಟ್ಟೆಗೆ ಯಾವ ಮಠವೂ ಕೈ ಹಾಕದಿರಲಿ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ತಳಿ ಬಿಡುಗಡೆ ಮಾಡುವಾಗ ಎಕರೆಗೆ ಎಷ್ಟು ಕ್ವಿಂಟಲ್ ಅಂತ ಹೇಳುವುದು ಸಾಲದು. ಮುಂದೆ ಬರುವ ಗಾಳಿಯಲ್ಲಿ ಆ ಕಾಳಿನ ಸಾರಜನಕ ಎಷ್ಟು ನಿಲ್ಲುತ್ತದೆ ಅಂತಲೂ ಹೇಳಲಿ. ಪಡಿತರದ ಅಕ್ಕಿಯ ಪ್ರೋಟೀನು ವರ್ಷಕ್ಕೊಮ್ಮೆ ಅಳೆದು ಅಂಗಡಿಯ ಬೋರ್ಡಿನ ಮೇಲೆ ಬರೆಯಲಿ. ದರ ಬರೆಯುತ್ತೀರಿ, ತೂಕ ಬರೆಯುತ್ತೀರಿ, ಸತ್ವ ಬರೆಯಲು ಸೀಮೆಸುಣ್ಣ ಇಲ್ಲವೇ? ಮತ್ತು ಹೊಗೆ ಬಿಟ್ಟವರು, ಅವರು ಅಮೆರಿಕದವರಿರಲಿ ನಮ್ಮ ಪಟ್ಟಣದವರಿರಲಿ, ಹೊಗೆ ನಿಲ್ಲಿಸಲಿ, ಸಾಲ ತೀರಿಸಲಿ.

ಹಳ್ಳಿಯ ಮಾಸ್ತರರೇ, ನಿಮಗೊಂದು ಬೇರೆ ಮಾತು. ಹಿಂಗಾರಿಯಲ್ಲಿ ಮಕ್ಕಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ. ಒಂದು ಕಡಲೆ ಗಿಡ, ಒಂದು ಜೋಳದ ಗಿಡ ಬೇರು ಸಹಿತ ಕೀಳಿಸಿ. ಕಡಲೆಯ ಬೇರಿನ ಗಂಟನ್ನು ಉಗುರಿನಿಂದ ಒಡೆದು ಒಳಗಿನ ಕೆಂಪು ತೋರಿಸಿ. ನಿನ್ನ ತಾಟಿಗೆ ಬರುವ ಸಾರಜನಕ ಇಲ್ಲಿ ಹುಟ್ಟುತ್ತದೆ ಅಂತ ಹೇಳಿ. ಆಮೇಲೆ ಅವರ ಮನೆಯ ಪಡಿತರದ ಲೆಕ್ಕವನ್ನು, ನಾವು ಮಾಡಿದ ಹಾಗೆ, ಅವರ ಕೈಯಿಂದಲೇ ಮಾಡಿಸಿ. ಗಣಿತದ ತಾಸಿನಲ್ಲೇ ಮಾಡಿಸಿ.

1973ರಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಅಂದಾಗ ನಾಡಿಗೆ ನಾಡೇ ಹೊತ್ತಿ ಉರಿಯಿತು, ಅವರು ರಾಜೀನಾಮೆ ಕೊಡಬೇಕಾಯಿತು. ಪುಸ್ತಕ ಬೂಸಾ ಅಂದದ್ದಕ್ಕೆ ಬೀದಿಗೆ ಬಂದ ಜನರೇ, ಇಂದು ಕಾಳೇ ಬೂಸಾ ಆಗುತ್ತಿದೆ. ಈಗ ಯಾಕೆ ಬೀದಿ ಖಾಲಿ? 1927ರಲ್ಲಿ ಮಹಾಡಿನ ಚವದಾರ ಕೆರೆಗೆ ಬಾಬಾಸಾಹೇಬರು ನಡೆದು ಹೋದದ್ದು ಬರೀ ಬಾಯಾರಿಕೆಗಾಗಿ ಅಲ್ಲ. ನೀರು ಎಲ್ಲರದು ಎಂದು ಹೇಳಲಿಕ್ಕೆ. ಗಾಳಿಯೂ ಎಲ್ಲರದು. ಕೆರೆಯನ್ನು ಮುಟ್ಟಬೇಡಿ ಅಂದವರೇ ಇಂದು ಗಾಳಿಯನ್ನು ಕೆಡಿಸಿ ನಮ್ಮ ಉಡಿಗೆ ಜೊಳ್ಳು ಅಳೆಯುತ್ತಿದ್ದಾರೆ.

ಆ ಹುನಗುಂದದ ಹಿರಿಯರ ಬಳಿಗೆ ನಾವು ಈ ಲೆಕ್ಕದ ಹಾಳೆ ಹಿಡಿದುಕೊಂಡು ಮತ್ತೊಮ್ಮೆ ಹೋದೆವು. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಕಣದಾಗ ನಮ್ಮವ್ವಗ ಅಳದು ಹಾಕಿದ್ದೂ ಇದೇ ಅಲ್ಲೇನೋ?"

ಹೌದು, ಇದೇ. ಆಗ ನಮ್ಮ ಅವ್ವ ಸುಮ್ಮನೆ ಉಡಿ ಒಡ್ಡಿದಳು, ಯಾಕೆಂದರೆ ಅವಳಿಗೆ ಅಕ್ಷರ ಇರಲಿಲ್ಲ, ಸಂಘ ಇರಲಿಲ್ಲ. ನಮಗೆ ಎರಡೂ ಇವೆ. ಇನ್ನು ಮೇಲೆ ಯಾರಾದರೂ "ತೂಕ ಸರಿ ಐತಿ" ಅಂದರೆ ನಾವು ಕಾಳನ್ನು ಕೈಗೆ ತಗೊಂಡು ಕೇಳುತ್ತೇವೆ. ನೀವೂ ಕೇಳಿ.